ಕಲಾದಗಿಯ ಕಲ್ಲಿಗೆ ಯಾವ ಪರೀಕ್ಷೆ? ನನ್ನ ಮತ ಸೀರಿಯಂಗೆ

ಪುರಾತನ ಸಮುದ್ರದ ನೀರಿನಲ್ಲಿ ಆಮ್ಲಜನಕ ಇತ್ತೋ ಇಲ್ಲವೋ ಎಂಬುದನ್ನು ಕಲ್ಲಿನಿಂದ ತಿಳಿಯಲು ಮೂರು ಬಗೆಯ ಪರೀಕ್ಷೆಗಳನ್ನು (ಕಬ್ಬಿಣ, ಅಲ್ಪ ಪ್ರಮಾಣದ ಲೋಹಗಳು, ಸೀರಿಯಂ) ಬಾಗಲಕೋಟೆ ಸುತ್ತಿನ ಶಿಲೆಗಳ ಮೇಲೆ ಮಾಡಿಸಿ ನೋಡಿದೆ. ಭೂವಿಜ್ಞಾನಿ ಬ್ರೂಸ್ ಫೂಟ್ 1876ರಲ್ಲೇ ವರ್ಣಿಸಿದ ಕಲಾದಗಿ ಶಿಲೆಗಳಿವು. ಬಾದಾಮಿಯ ಕೆಂಪು ಮರಳುಗಲ್ಲಿಗಿಂತಲೂ ಹಳೆಯವು. ಇನ್ನು ಮುಂದೆ ನನ್ನ ಹಣವೆಲ್ಲ ಸುಣ್ಣದ ಕಲ್ಲಿನಲ್ಲಿರುವ ಸೀರಿಯಂ ಎಂಬ ವಿರಳ ಭೂಧಾತುವಿಗೇ.

ಹೆಸರು ದೊಡ್ಡದಿರುವುದು ಕಬ್ಬಿಣದ ಪರೀಕ್ಷೆಗೆ. ಶೇಲ್ (ಕೆಸರು ಗಟ್ಟಿಯಾದ ಪದರಗಲ್ಲು) ಪುಡಿಯನ್ನು ಒಂದರ ನಂತರ ಒಂದು ದ್ರಾವಣದಲ್ಲಿ ಕರಗಿಸಿ ಕಬ್ಬಿಣವನ್ನು ಬಗೆಬಗೆಯಾಗಿ ಬೇರ್ಪಡಿಸುತ್ತಾರೆ. ಸುಲಭವಾಗಿ ಪ್ರತಿಕ್ರಿಯಿಸುವ ಕಬ್ಬಿಣ ಒಟ್ಟು ಕಬ್ಬಿಣದ 0.38 ಪಾಲು ದಾಟಿದರೆ ನೀರಿನಲ್ಲಿ ಆಮ್ಲಜನಕವಿರಲಿಲ್ಲ ಎನ್ನಬಹುದು. ಅದರೊಳಗೆ ಕಬ್ಬಿಣ-ಗಂಧಕದ ಖನಿಜವಾದ ಪೈರೈಟ್‌ನ ಪಾಲು 0.7-0.8 ಮೀರಿದರೆ ಹೈಡ್ರೋಜನ್ ಸಲ್ಫೈಡ್ ಕೂಡ ತುಂಬಿತ್ತು ಎಂದರ್ಥ.

ತೊಡಕು ಇಲ್ಲಿಯೇ. ನಮ್ಮಲ್ಲಿ ಕೈಗೆ ಸಿಗುವುದು ಬಿಸಿಲು, ಮಳೆಗೆ ಮೈಯೊಡ್ಡಿದ ಕಲ್ಲು. ನಾನು ಕೊಟ್ಟ ತುಂಡುಗಳಲ್ಲಿ ಪೈರೈಟ್ ಇದ್ದ ಕಡೆ ಚೌಕಾಕಾರದ ಕುಳಿಗಳು, ಒಳಗೆ ಕಂದು ತುಕ್ಕು. ವರದಿಯಲ್ಲಿ ಪೈರೈಟ್ ಹೆಚ್ಚುಕಡಿಮೆ ಸೊನ್ನೆ, ಆಕ್ಸೈಡ್ ಧಾರಾಳ. ಅದನ್ನು ಬಂದಂತೆಯೇ ಓದಿದರೆ ಸಲ್ಫೈಡ್ ಇಲ್ಲದ, ಕಬ್ಬಿಣ ಕರಗಿದ್ದ ಸಮುದ್ರ ಎಂದು ಬರೆಯಬೇಕಾಗುತ್ತದೆ. ನಿಜದಲ್ಲಿ ಅದು ಸಮುದ್ರದ ಸುದ್ದಿಯಲ್ಲ, ಮಳೆಗಾಲಗಳ ಕೆಲಸ.

ಪೈರೈಟ್ ತುಕ್ಕಾದರೂ ಅದರ ಕಬ್ಬಿಣ ಪ್ರತಿಕ್ರಿಯಿಸುವ ಲೆಕ್ಕದಲ್ಲೇ ಉಳಿಯುವುದರಿಂದ ಮೊದಲ ಅನುಪಾತ ಅಲ್ಪಸ್ವಲ್ಪ ಬದುಕಬಹುದು, ಎರಡನೆಯದು ಸತ್ತಂತೆಯೇ. ಪ್ರಯೋಗಾಲಯದವರು ಮೇಲ್ಮೈ ಕಲ್ಲೋ ಆಳಕ್ಕೆ ಕೊರೆದು ತೆಗೆದ ಕಲ್ಲಿನ ಕೋರೋ ಎಂದು ಒಂದು ಮಾತು ಕೇಳಲಿಲ್ಲ, ಪ್ರತಿ ಹಂತಕ್ಕೂ ಪ್ರತ್ಯೇಕ ಶುಲ್ಕ ಹಾಕಿದರು. ಕೊಳವೆಬಾವಿಯ ಕಲ್ಲುಚೂರು ತಾಜಾ ಇರುತ್ತದೆ ನಿಜ. ಆದರೆ ಬೇರೆ ಬೇರೆ ಆಳದ್ದು ಬೆರೆತು ಬರುತ್ತದೆ; ಕೊರೆಯುವ ಬಿಟ್‌ನ ಟಂಗ್‌ಸ್ಟನ್ ಕಾರ್ಬೈಡ್ ಸವೆದು ಕೋಬಾಲ್ಟ್ ಸೇರಿದರೆ ಆಮ್ಲಜನಕದ ಮತ್ತೊಂದು ಸೂಚಿಯಾದ ನಿಕಲ್-ಕೋಬಾಲ್ಟ್ ಅನುಪಾತದ ಆಸೆಯನ್ನೂ ಬಿಡಬೇಕು.

ಮಾಲಿಬ್ಡಿನಂ ಮತ್ತು ಯುರೇನಿಯಂ ತಾಜಾ ಕಪ್ಪು ಶೇಲ್‌ನಲ್ಲಿ ಚೆನ್ನಾಗಿ ಮಾತನಾಡುತ್ತವೆ. ಮಾಲಿಬ್ಡಿನಂ ಹೇರಳವಾಗಿ ಕೂಡಿಕೊಳ್ಳಲು ಸಲ್ಫೈಡ್ ಬೇಕು, ಯುರೇನಿಯಂಗೆ ಬೇಡ. ಎರಡನ್ನೂ ಜೊತೆಗಿಟ್ಟು ನೋಡುವುದರ ಸೊಗಸು ಅದು. ಹವೆಗೆ ಸಿಕ್ಕ ಕಲ್ಲಿನಿಂದ ಮಾತ್ರ ಎರಡೂ ತೊಳೆದುಹೋಗುತ್ತವೆ.

ಆಮ್ಲಜನಕದ ಇನ್ನೊಂದು ಸೂಚಿ ವನೇಡಿಯಂ-ಕ್ರೋಮಿಯಂ ಅನುಪಾತ: ಅಗ್ಗ, ಅಷ್ಟೇ.

ಸೀರಿಯಂ ವಿಷಯಕ್ಕೆ ಬರುತ್ತೇನೆ. ಆಮ್ಲಜನಕವಿರುವ ನೀರಿನಲ್ಲಿ ಅದು ಉತ್ಕರ್ಷಣಗೊಂಡು ಮ್ಯಾಂಗನೀಸ್ ಆಕ್ಸೈಡಿಗೆ ಅಂಟಿಕೊಳ್ಳುತ್ತದೆ. ಹೀಗಾಗಿ ಆ ನೀರಿನಲ್ಲಿ ಹುಟ್ಟಿದ ಸುಣ್ಣದ ಕಲ್ಲಿನಲ್ಲಿ ಧಾತುಪಟ್ಟಿಯಲ್ಲಿ ಅಕ್ಕಪಕ್ಕದ ಧಾತುಗಳಿಗಿಂತ (ಲ್ಯಾಂಥನಂ, ಪ್ರೇಸಿಯೋಡೈಮಿಯಂ) ಸೀರಿಯಂ ಕಡಿಮೆ. ಆ ಕೊರತೆ ಕಾಣದಿದ್ದರೆ ಆಮ್ಲಜನಕದ ಬಡತನವನ್ನು ಶಂಕಿಸಬಹುದು. ಲೋಕಾಪುರದ ಕಡೆ ಕ್ವಾರಿಗಳಲ್ಲಿ ಈಗಷ್ಟೇ ಒಡೆದ ಮುಖವೇ ಸಿಗುತ್ತದೆ, ತುಕ್ಕಿನ ಕಾಟವಿಲ್ಲ. ತೆಳು ಅಸಿಟಿಕ್ ಆಮ್ಲದಲ್ಲಿ ಕಾರ್ಬೊನೇಟ್ ಭಾಗವನ್ನಷ್ಟೇ ಕರಗಿಸಿ, ಧಾತುಗಳನ್ನು ಅಳೆಯುವ ಉಪಕರಣವಾದ ಐಸಿಪಿ-ಎಂಎಸ್‌ಗೆ ಕಳುಹಿಸಿದರೆ ಆಯಿತು. ಜೇಡಿ ಬೆರೆತರೆ ಇರುವ ಕೊರತೆಯೂ ಮುಚ್ಚಿಹೋಗುತ್ತದೆ. ಅದಕ್ಕೆ ಇಟ್ರಿಯಂ-ಹೋಲ್ಮಿಯಂ ಅನುಪಾತವೇ ಕಾವಲು. ಅದು ಜೇಡಿಯಲ್ಲಿ 27ರ ಆಸುಪಾಸು, ಸಮುದ್ರದ ನೀರಿನಲ್ಲಿ 44ಕ್ಕೂ ಮೇಲೆ. ಲ್ಯಾಂಥನಂ ಹೆಚ್ಚಿದ್ದರೆ ಇಲ್ಲದ ಕೊರತೆ ತೋರುವುದರಿಂದ ನಾನು ಪ್ರೇಸಿಯೋಡೈಮಿಯಂ, ನಿಯೋಡೈಮಿಯಂ ಇಟ್ಟುಕೊಂಡೇ ಲೆಕ್ಕ ಹಾಕುತ್ತೇನೆ.

ಸೀರಿಯಂ ಸಲ್ಫೈಡ್ ಬಗ್ಗೆ ಏನನ್ನೂ ಹೇಳದು. ಆಳದ ನೀರಿನ ಸುದ್ದಿಯೂ ತೀರದ ಸುಣ್ಣದ ಕಲ್ಲಿನಲ್ಲಿ ಸಿಗದು. ಅದು ಬೇಕಾದವರು, ಆಳದ ಕೋರ್ ಕೈಗೆ ಬಂದಿದ್ದರೆ, ಕಬ್ಬಿಣದ ಪರೀಕ್ಷೆಯನ್ನೇ ಮಾಡಿಸಲಿ. ಸುತ್ತಿಗೆ, ಚೀಲ ಹಿಡಿದು ಭಾನುವಾರಗಳಲ್ಲಿ ತಿರುಗುವ ನನ್ನಂಥವನ ಜೇಬಿಗೆ ಸುಣ್ಣದ ಕಲ್ಲು ಸಾಕು.