ನ್ಯಾಸ್‌ನ ‘ಇಲ್‌ಮ್ಯಾಟಿಕ್’ ಎಲ್‌ಪಿ: ಹತ್ತು ಟ್ರ್ಯಾಕ್, ಒಂದು ಕೇರಿ

ಮೂರು ತಿಂಗಳ ಹಿಂದೆ 2,900 ರೂಪಾಯಿ ಕೊಟ್ಟು ಅಮೆರಿಕದ ರ‍್ಯಾಪರ್ ನ್ಯಾಸ್‌ನ ‘ಇಲ್‌ಮ್ಯಾಟಿಕ್’ ಆಲ್ಬಮ್ಮಿನ ಎಲ್‌ಪಿ (ಗ್ರಾಮಫೋನ್ ತಟ್ಟೆ) ತರಿಸಿದೆ. ಅಂಗಡಿಯವರು ತೆಳು ರಟ್ಟಿನಲ್ಲಿ ಸುತ್ತಿ ಕಳಿಸಿದ್ದರು. ಕವರಿನ ಒಂದು ಮೂಲೆ ಜಜ್ಜಿಹೋಗಿತ್ತು. ತುಂಬಾ ಬೇಜಾರಾಯಿತು. ದೊಡ್ಡ ಸೈಜಿನಲ್ಲಿ ಆ ಕವರ್ ನೋಡಬೇಕು ಅಂತಲೇ ತರಿಸಿದ್ದೆ. ನ್ಯಾಸ್ ಸುಮಾರು ಏಳು ವರ್ಷದ ಹುಡುಗನಾಗಿದ್ದಾಗ ಅವನಪ್ಪ ತೆಗೆದ ಫೋಟೋ ಅದು. ಆ ಪುಟ್ಟ ಮುಖದೊಳಗೇ ಅವನು ಬೆಳೆದ ಕೇರಿ, ನ್ಯೂಯಾರ್ಕಿನ ಕ್ವೀನ್ಸ್‌ಬ್ರಿಜ್‌ನ ಬೀದಿ ಮೂಡಿದೆ.

ಇದು ಅವನ ಮೊದಲ ಆಲ್ಬಮ್. ಬಂದದ್ದು 1994ರ ಏಪ್ರಿಲ್ 19ಕ್ಕೆ. ಆಗ ಅವನಿಗೆ 20 ವರ್ಷ. ಎಲ್ಲ ಸೇರಿ 40 ನಿಮಿಷ ದಾಟುವುದಿಲ್ಲ. ರೆಕಾರ್ಡಿನ ಎರಡು ಬದಿಗೂ ತನ್ನ ಕೇರಿಯ ಎರಡು ಬದಿಗಳ ಹೆಸರನ್ನೇ ಇಟ್ಟಿದ್ದಾನೆ. ಕೇರಿ ಬಿಟ್ಟು ಆಚೆ ಹೋಗಲಿಲ್ಲ, ಅದಕ್ಕೇ ಇದು ಇಷ್ಟು ದೂರ ಬಂತು ಅಂತ ನನಗನಿಸುತ್ತದೆ.

2004ರಲ್ಲಿ ಹಾಸ್ಟೆಲ್‌ನಲ್ಲಿ ಕಾಪಿ ಸಿಡಿಯಲ್ಲಿ ಮೊದಲು ಕೇಳಿದೆ. ಅರ್ಧ ಅರ್ಥವಾಗಲಿಲ್ಲ. ರೂಮ್‌ಮೇಟ್ ಜೊತೆ ಕೂತು, ನಿಲ್ಲಿಸಿ ನಿಲ್ಲಿಸಿ ಕೇಳಿ ನೋಟ್‌ಬುಕ್ಕಿನಲ್ಲಿ ಬರೆದುಕೊಂಡೆವು. ‘ಒನ್ ಲವ್’ ಮುಗಿಸಲು ಒಂದು ವಾರ ಹಿಡಿಯಿತು. ಜೈಲಿನಲ್ಲಿರುವ ಗೆಳೆಯರಿಗೆ ಬರೆದ ಪತ್ರ ಅದು. ಹುಟ್ಟಿದ ಮಗುವಿನ ಸುದ್ದಿ, ಕೇರಿಯ ಜಗಳಗಳ ಸುದ್ದಿ. ಕೊನೆಗೆ ಬೆಂಚಿನ ಮೇಲೆ ಸಿಗುವ ಹನ್ನೆರಡು ವರ್ಷದ ಹುಡುಗ. ಆ ಹುಡುಗನ ಮಾತು ಬಂದಾಗ ಈಗಲೂ ಕೈಯಲ್ಲಿರುವ ಕೆಲಸ ನಿಂತುಬಿಡುತ್ತದೆ.

ಮೊಬೈಲಿನಲ್ಲಿ ಕೇಳಿದವರು ಎಲ್‌ಪಿಯಲ್ಲೊಮ್ಮೆ ಕೇಳಿ. ‘ಎನ್.ವೈ. ಸ್ಟೇಟ್ ಆಫ್ ಮೈಂಡ್’ನಲ್ಲಿ ಪ್ರೊಡ್ಯೂಸರ್ (ಹಾಡಿನ ಸಂಗೀತ ಕಟ್ಟುವವನು) ಡಿಜೆ ಪ್ರೀಮಿಯರ್ ಕೂರಿಸಿದ ಪಿಯಾನೋ ಎದೆಗೇ ಬಂದು ಬಡಿಯುತ್ತದೆ. ಪೀಟ್ ರಾಕ್, ಕ್ಯೂ-ಟಿಪ್, ಲಾರ್ಜ್ ಪ್ರೊಫೆಸರ್, ಎಲ್.ಇ.ಎಸ್. ಕೂಡ ಸೇರಿ ಮಾಡಿದ ಆಲ್ಬಮ್ ಇದು. ಇಷ್ಟು ಕೈ ಸೇರಿದರೂ ಎಲ್ಲೂ ಹೊಲಿಗೆ ಕಾಣುವುದಿಲ್ಲ. ಹೀಗೆ ಹಲವು ಪ್ರೊಡ್ಯೂಸರ್‌ಗಳನ್ನು ಸೇರಿಸುವುದು ಆಮೇಲೆ ರ‍್ಯಾಪ್‌ನಲ್ಲಿ ರೂಢಿಯೇ ಆಯಿತು.

ಮೊದಲು ಮಾರಾಟ ಜಾಸ್ತಿ ಇರಲಿಲ್ಲ. ಹತ್ತು ಲಕ್ಷ ಪ್ರತಿಗಳಿಗೆ ಕೊಡುವ ‘ಪ್ಲಾಟಿನಂ’ ಗುರುತು ಸಿಗಲು 2001ರ ತನಕ ಕಾಯಬೇಕಾಯಿತು. 2013ರಲ್ಲಿ ಹಾರ್ವರ್ಡ್ ವಿಶ್ವವಿದ್ಯಾಲಯ ಅವನ ಹೆಸರಿನಲ್ಲಿ ಫೆಲೋಶಿಪ್ ಶುರುಮಾಡಿತು. ಕಾಪಾಡಿ ಇಡಬೇಕಾದ ಧ್ವನಿಮುದ್ರಣಗಳ ಪಟ್ಟಿಗೆ ಅಮೆರಿಕದ ಲೈಬ್ರರಿ ಆಫ್ ಕಾಂಗ್ರೆಸ್ ಈ ಆಲ್ಬಮ್ಮನ್ನೂ ಸೇರಿಸಿದೆ.

ನನಗೆ ಎಲ್ಲಕ್ಕಿಂತ ಇಷ್ಟ ಮೂರನೇ ಹಾಡಿನ ಕೊನೆ. ಮಾತೆಲ್ಲ ಮುಗಿದ ಮೇಲೆ ಒಂದು ಕಾರ್ನೆಟ್ (ಟ್ರಂಪೆಟ್‌ನಂಥ ಊದುವ ವಾದ್ಯ) ಮೆಲ್ಲಗೆ ಎದ್ದು ಬರುತ್ತದೆ. ಊದುತ್ತಿರುವುದು ನ್ಯಾಸ್‌ನ ಅಪ್ಪ, ಜಾಝ್ ಕಲಾವಿದ ಓಲು ದಾರಾ.

ನಮ್ಮಪ್ಪ ಮದುವೆ ಬ್ಯಾಂಡ್‌ಸೆಟ್‌ನಲ್ಲಿ ಮೂವತ್ತು ವರ್ಷ ಕ್ಲಾರಿಯೊನೆಟ್ ಊದಿದವರು. ರ‍್ಯಾಪ್ ಹಾಕಿದರೆ ಬಾಗಿಲು ಮುಂದೆ ಮಾಡಿಕೊಳ್ಳುತ್ತಾರೆ. ಮೊನ್ನೆ ಈ ಜಾಗ ಬಂದಾಗ ಬಾಗಿಲು ತೆರೆದರು.

“ಯಾರೋ ಇದು ಊದ್ತಿರೋದು?”

“ಆ ಹುಡುಗನ ಅಪ್ಪ.”

ಬಂದು ಕುರ್ಚಿ ಎಳೆದುಕೊಂಡು ಕೂತರು. “ಇನ್ನೊಂದ್ ಸಲ ಹಾಕು” ಅಂದರು.