ಒಂಬತ್ತು ಹೆಸರಿನ ಪಟ್ಟಿಗೆ ಹದಿನಾಲ್ಕು ತಿಂಗಳು

ಮೊದಲೇ ಹೇಳಿಬಿಡುತ್ತೇನೆ, ನನ್ನ ಏಜೆಂಟ್ ನನ್ನಿಂದ ಒಂದು ಕಾಸೂ ಕಿತ್ತುಕೊಂಡಿಲ್ಲ. ಮಾತು ಸವಿಯಾಗಿತ್ತು. ಹುಟ್ಟುಹಬ್ಬಕ್ಕೆ ಮರೆಯದೆ ಮೆಸೇಜ್ ಬರುತ್ತಿತ್ತು. ಆದರೂ ನನ್ನ ಮೊದಲ ಕಾದಂಬರಿ ಅವರ ಕೈಯಲ್ಲೇ ಹಾಳಾಯಿತು. ದುಡ್ಡು ಕೇಳುವ ಏಜೆಂಟ್ ಹತ್ತಿರ ಹೋಗಬೇಡಿ ಅಂತ ಎಚ್ಚರಿಸುವವರು ಬೇಕಾದಷ್ಟು ಜನ ಇದ್ದಾರೆ. ದುಡ್ಡು ಕೇಳದೆ, ಬೈಯದೆ, ಸುಮ್ನೆ ಕೂತು ಪುಸ್ತಕ ಹಾಳು ಮಾಡುವವರೂ ಇರುತ್ತಾರೆ ಅಂತ ನನಗೆ ಯಾರೂ ಹೇಳಿರಲಿಲ್ಲ. ಅದಕ್ಕೇ ಬರೆಯುತ್ತಿದ್ದೇನೆ.

ಗೊತ್ತಿಲ್ಲದವರಿಗೆ ಎರಡು ಮಾತು. ಲಿಟರರಿ ಏಜೆಂಟ್ ಅಂದರೆ ನಮ್ಮ ಹಸ್ತಪ್ರತಿಯನ್ನು ಪ್ರಕಾಶನ ಸಂಸ್ಥೆಗಳ ಎಡಿಟರ್‌ಗಳಿಗೆ ತೋರಿಸಿ, ಒಪ್ಪಿಗೆಯಾದರೆ ನಮ್ಮ ಪರವಾಗಿ ಕರಾರು ಕುದುರಿಸುವವರು. ಇಂಗ್ಲಿಷ್ ಪುಸ್ತಕಲೋಕದಲ್ಲಿ ದೊಡ್ಡ ಪ್ರಕಾಶಕರಲ್ಲಿ ಬಹುಪಾಲು ಜನ ಏಜೆಂಟ್ ಇಲ್ಲದೆ ಬಂದ ಹಸ್ತಪ್ರತಿಯನ್ನು ನೋಡುವುದೇ ಇಲ್ಲ. ಏಜೆಂಟ್‌ಗೆ ಸಿಗುವುದು ಕಮಿಷನ್: ಸಾಮಾನ್ಯವಾಗಿ ಸ್ವಂತ ದೇಶದ ಮಾರಾಟಕ್ಕೆ 15 ಶೇಕಡಾ, ಹೊರದೇಶದ ಮತ್ತು ಅನುವಾದದ ಹಕ್ಕುಗಳಿಗೆ 20 ಶೇಕಡಾ. ಅದೂ ಪುಸ್ತಕ ಮಾರಾಟವಾದ ಮೇಲೆ. ಓದಲು ಫೀಸು, ತಿದ್ದಲು ಫೀಸು, ನೋಂದಣಿ ಫೀಸು ಅಂತ ಕೇಳಿದರೆ ಅಲ್ಲಿಗೇ ಕೈಮುಗಿದು ಎದ್ದು ಬನ್ನಿ. ಅಮೆರಿಕದ ಏಜೆಂಟರ ಸಂಘ ತನ್ನ ಸದಸ್ಯರಿಗೆ ಓದುವ ಫೀಸನ್ನೇ ನಿಷೇಧಿಸಿದೆ. ಇಂಥ ಮೋಸಗಳನ್ನು ಬಯಲಿಗೆಳೆಯಲೆಂದೇ ಅಲ್ಲಿನ ಇಬ್ಬರು ಲೇಖಕಿಯರು 1998ರಲ್ಲಿ 'ರೈಟರ್ ಬಿವೇರ್' ಅನ್ನುವ ವೆಬ್‌ಸೈಟ್ ಶುರುಮಾಡಿದರು. ಇವತ್ತಿಗೂ ನಡೆಯುತ್ತಿದೆ. ಸಹಿ ಹಾಕುವ ಮುಂಚೆ ಒಮ್ಮೆ ಅಲ್ಲಿ ಹೆಸರು ಹುಡುಕಿ.

ನಾನು ಹುಡುಕಿದ್ದೆ. ನನ್ನ ಏಜೆಂಟ್ ಹೆಸರು ಅಲ್ಲಿರಲಿಲ್ಲ. ಹಾಗಾಗಿ ಒಳ್ಳೆಯವರೇ ಇರಬೇಕು ಅಂದುಕೊಂಡೆ. ಕೆಟ್ಟ ಹೆಸರು ಇಲ್ಲ ಅನ್ನುವುದೂ ಒಳ್ಳೆಯ ಕೆಲಸ ಇದೆ ಅನ್ನುವುದೂ ಬೇರೆ ಬೇರೆ, ಅಲ್ವಾ? ಅವತ್ತು ಅದು ಹೊಳೆಯಲಿಲ್ಲ. ಈ ಕೆಲಸಕ್ಕೆ ಪರೀಕ್ಷೆ ಇಲ್ಲ, ಪದವಿ ಬೇಕಿಲ್ಲ. ನಾಳೆ ಬೆಳಗ್ಗೆ ನಾನೂ ನೀವೂ ಒಂದು ಮೇಲ್ ಐಡಿ ಮಾಡಿಕೊಂಡು ಏಜೆಂಟ್ ಆಗಬಹುದು. ನೋಡಬೇಕಾದದ್ದು ಒಂದೇ: ಇವರು ಈವರೆಗೆ ಯಾವ ಪುಸ್ತಕವನ್ನು ಯಾವ ಪ್ರಕಾಶಕರಿಗೆ ಮಾರಿದ್ದಾರೆ? ಅಥವಾ ಹೊಸಬರಾದರೆ, ಮಾರಿ ಗೊತ್ತಿರುವ ಹಿರಿಯರ ಕೈಕೆಳಗೆ ಪಳಗಿದ್ದಾರಾ? ನನ್ನವರ ಪುಟದಲ್ಲಿ 'ನಮ್ಮ ಲೇಖಕರು' ಅಂತ ಚಂದಚಂದದ ಫೋಟೋಗಳಿದ್ದವು. ಪುಸ್ತಕಗಳ ಮುಖಪುಟ ಎಷ್ಟಿವೆ ಅಂತ ನಾನು ಎಣಿಸಲೇ ಇಲ್ಲ. ಆಮೇಲೆ ಎಣಿಸಿದೆ. ಎರಡಿದ್ದವು. ಒಂದನ್ನು ಲೇಖಕರೇ ಸ್ವಂತ ಖರ್ಚಿನಲ್ಲಿ ತಂದದ್ದು.

ಆ ಫೋನ್ ಕರೆ ನನಗೆ ಇನ್ನೂ ನೆನಪಿದೆ. ಅಷ್ಟರಲ್ಲಿ 43 ಏಜೆಂಟ್‌ಗಳಿಂದ ಇಲ್ಲ ಅನ್ನಿಸಿಕೊಂಡಿದ್ದೆ, ಅರ್ಧಕ್ಕರ್ಧ ಜನ ಉತ್ತರವನ್ನೇ ಕೊಟ್ಟಿರಲಿಲ್ಲ. ಯಾರಾದರೂ ಫೋನ್ ಮಾಡಿದರೆ ಕೇಳಬೇಕು ಅಂತ ಒಂದು ಹಾಳೆಯಲ್ಲಿ ಎಂಟು ಪ್ರಶ್ನೆ ಬರೆದು ಮೇಜಿನ ಮೇಲೆ ಇಟ್ಟುಕೊಂಡಿದ್ದೆ. ಕರೆ ಬಂತು. "ನಿಮ್ಮ ಕಾದಂಬರಿ ಅದ್ಭುತ. ನಾನು ನಿಮ್ಮ ಜೊತೆ ಕೆಲಸ ಮಾಡ್ಬೇಕು" ಅಂದರು. ಕೊನೆಗೆ, "ಏನಾದ್ರೂ ಕೇಳೋದಿದೆಯಾ?" ಅಂದರು. "ಇಲ್ಲ ಸರ್, ಏನೂ ಇಲ್ಲ" ಅಂದೆ. ಅವರು ಹೇಳಿದ ನಂಬರ್ ಬರೆದುಕೊಳ್ಳಲು ಕೈಗೆ ಸಿಕ್ಕಿದ್ದು ಅದೇ ಪ್ರಶ್ನೆಗಳ ಹಾಳೆ. ತಿರುಗಿಸಿ ಹಿಂದುಗಡೆ ಬರೆದುಕೊಂಡೆ.

ಕೇಳಿದ್ದರೆ ಆ ಹಾಳೆಯಲ್ಲಿ ಮೊದಲ ಪ್ರಶ್ನೆ ಇದ್ದದ್ದು: ಪುಸ್ತಕದಲ್ಲಿ ಏನೇನು ತಿದ್ದಬೇಕು ಅನ್ನಿಸಿತು? ಓದಿದವರು ಇದಕ್ಕೆ ಹತ್ತು ನಿಮಿಷ ಮಾತಾಡುತ್ತಾರೆ. ನನ್ನವರು ತಾವಾಗಿಯೇ "ಒಂದಕ್ಷರ ಮುಟ್ಟೋದು ಬೇಡ, ಹೀಗೇ ಕಳಿಸೋಣ" ಅಂದಿದ್ದರು. ನನಗೆ ಹಿಗ್ಗೋ ಹಿಗ್ಗು. ಮೊದಲ ಕಾದಂಬರಿಯಲ್ಲಿ ಮುಟ್ಟುವಂಥದ್ದು ಏನೂ ಇಲ್ಲ ಅನ್ನುವವರು ಒಂದೋ ಓದಿಲ್ಲ, ಇಲ್ಲಾ ಓದಲು ಬರುವುದಿಲ್ಲ ಅಂತ ಈಗ ನನ್ನ ಲೆಕ್ಕ.

ಮೂರನೇ ತಿಂಗಳು ಮೇಲ್ ಬಂತು: "ಎಡಿಟರ್‌ಗಳಿಗೆ ಕಳಿಸಿದ್ದೇನೆ, ಒಳ್ಳೆ ಪ್ರತಿಕ್ರಿಯೆ ಇದೆ." ಯಾರಿಗೆ ಅಂತ ಇರಲಿಲ್ಲ. ಐದನೇ ತಿಂಗಳು ಕೇಳಿದೆ. "ಈ ಕ್ಷೇತ್ರ ನಿಧಾನ, ತಾಳ್ಮೆ ಇರಲಿ." ಅದು ನಿಜವೇ. ಎಡಿಟರ್‌ಗಳು ತಿಂಗಳುಗಟ್ಟಲೆ ತಗೊಳ್ಳುತ್ತಾರೆ, ಕೆಲವರು ಉತ್ತರವನ್ನೇ ಕೊಡುವುದಿಲ್ಲ. ಒಳ್ಳೆ ಏಜೆಂಟ್ ಕೈಯಲ್ಲೂ ಪುಸ್ತಕ ಮಾರಾಟವಾಗದೆ ಉಳಿಯುತ್ತದೆ. ಹಾಗಾಗಿ ನಿಧಾನ ಅನ್ನುವುದನ್ನೇ ತಪ್ಪು ಅನ್ನಬೇಡಿ. ನಾನೂ ಅನ್ನಲಿಲ್ಲ. ಏಳನೇ ತಿಂಗಳು ಮತ್ತೆ ಕೇಳಿದಾಗ ಉತ್ತರ ಬರಲು ಐದು ವಾರ ಹಿಡಿಯಿತು. ಅದರಲ್ಲೂ ಇದ್ದದ್ದು: "ನಂಬಿಕೆ ಇಲ್ಲದೆ ಈ ಸಂಬಂಧ ನಡೆಯಲ್ಲ."

ಆ ಸಾಲು ಓದಿ ನಾನು ಕ್ಷಮೆ ಕೇಳಿದೆ. ಹೌದು, ನಾನೇ! ನನ್ನ ಪುಸ್ತಕ ಎಲ್ಲಿದೆ ಅಂತ ಕೇಳಿದ್ದಕ್ಕೆ. ಮೇಲ್ ಬರೆಯುವ ಮುಂಚೆ ಅವರಿಗೆ ಬೇಜಾರಾಗುತ್ತದಾ ಅಂತ ಮೂರು ಸಲ ತಿದ್ದುವುದು, ಕಳಿಸಿದ ಮೇಲೆ ಎದೆ ಢವಢವ ಅನ್ನುವುದು, ಇದೆಲ್ಲ ಅಭ್ಯಾಸವೇ ಆಗಿಹೋಗಿತ್ತು. ನಮ್ಮ ಪರವಾಗಿ ಕೆಲಸ ಮಾಡುವವರಿಗೆ ನಾವೇ ಹೆದರುವುದು ಅಂದರೆ ಎಂಥ ತಮಾಷೆ ನೋಡಿ.

ಕಣ್ಣು ತೆರೆಸಿದ್ದು ನನಗಿಂತ ಮೊದಲೇ ಎರಡು ಪುಸ್ತಕ ತಂದಿದ್ದ ಗೆಳತಿ. "ಲಿಸ್ಟ್ ಕೊಟ್ಟಿದ್ದಾರಾ?" ಅಂದಳು. ಯಾವ ಲಿಸ್ಟ್? "ಯಾವ ಸಂಸ್ಥೆ, ಯಾವ ಎಡಿಟರ್, ಯಾವತ್ತು ಕಳಿಸಿದ್ರು, ಏನಂದ್ರು. ನನ್ನ ಏಜೆಂಟ್ ಕಳಿಸಿದ ವಾರವೇ ಕೊಡ್ತಾರೆ ಕಣೋ. ನಿರಾಕರಿಸಿದ ಮೇಲ್‌ಗಳನ್ನೂ ಹಾಗೇ ಫಾರ್ವರ್ಡ್ ಮಾಡ್ತಾರೆ." ಅವಳ ಪ್ರಕಾರ ಅದು ಉಪಕಾರ ಅಲ್ಲ, ಕೇಳುವುದು ನಮ್ಮ ಹಕ್ಕು. ನಾನು ಕೇಳಿದೆ. ಮೂರು ಸಲ. ಹದಿನಾಲ್ಕನೇ ತಿಂಗಳಲ್ಲಿ ಪಟ್ಟಿ ಬಂತು. ಒಂಬತ್ತು ಹೆಸರು.

ಒಂದು ಸಂಜೆ ಕೂತು ಒಂದೊಂದೇ ಹೆಸರು ಹುಡುಕಿದೆ. ಇಬ್ಬರು ಎಡಿಟರ್‌ಗಳು ನಮ್ಮ ಹಸ್ತಪ್ರತಿ ಹೋಗುವ ಮೊದಲೇ ಆ ಕೆಲಸ ಬಿಟ್ಟಿದ್ದರು. ಒಂದು ಸಂಸ್ಥೆ ಮಕ್ಕಳ ಪುಸ್ತಕ ಮಾತ್ರ ತರುವಂಥದ್ದು. ಮೂರು ಕಡೆ ಎಡಿಟರ್ ಹೆಸರೇ ಇಲ್ಲ, ಎಲ್ಲರ ಮೇಲ್ ಬಂದು ಬೀಳುವ ಸಾಮಾನ್ಯ ವಿಳಾಸಕ್ಕೆ ಕಳಿಸಿದ್ದರು. ಅಲ್ಲಿಗೆ ಕಳಿಸಲು ಏಜೆಂಟ್ ಯಾಕೆ ಬೇಕು, ನಾನೇ ಕಳಿಸಬಹುದಿತ್ತು. ಉಳಿದ ಮೂರು ಮಾತ್ರ ಸರಿಯಾದ ಜಾಗ, ಸರಿಯಾದ ಎಡಿಟರ್. ನನ್ನಂಥ ಕಾದಂಬರಿಗೆ ಇದ್ದದ್ದರಲ್ಲೇ ಒಳ್ಳೆಯ ಮೂರು ಮನೆಗಳು. ಮೂವರೂ ಬೇಡ ಅಂದಿದ್ದರು.

ಯಾಕೆ ಬೇಡ ಅಂದರು ಅನ್ನುವುದೂ ತಿಳಿಯಿತು. ಕೆಲಸ ಮಾಡಿದ್ದೇನೆ ಅಂತ ತೋರಿಸಲು ಏಜೆಂಟ್ ತಾವು ಕಳಿಸಿದ ಪತ್ರವನ್ನೂ ಜೊತೆಗೆ ಫಾರ್ವರ್ಡ್ ಮಾಡಿದ್ದರು. ಒಂದೇ ಮೇಲ್, ಎಲ್ಲ ವಿಳಾಸಗಳೂ ಒಂದೇ ಸಾಲಿನಲ್ಲಿ, ಎಲ್ಲರಿಗೂ ಕಾಣುವ ಹಾಗೆ. 'ಆತ್ಮೀಯ ಎಡಿಟರ್' ಅಂತ ಶುರು. ಒಂದೇ ಪತ್ರದಲ್ಲಿ ಮೂರು ಪುಸ್ತಕ: ಮೊದಲು ಯಾರದೋ ಪತ್ತೇದಾರಿ ಕಾದಂಬರಿ, ಆಮೇಲೆ ತೂಕ ಇಳಿಸುವ ಪುಸ್ತಕ, ಕೊನೆಗೆ ನನ್ನದು. ನನ್ನದಕ್ಕೆ ನಾಲ್ಕು ಸಾಲು. ಅದರಲ್ಲಿ ಕಥಾನಾಯಕಿಯ ಹೆಸರು ಅಂತ ಬರೆದಿದ್ದು ಅವಳ ಅಮ್ಮನ ಹೆಸರು. ಆ ಅಮ್ಮ 11ನೇ ಪುಟದಲ್ಲಿ ತೀರಿಹೋಗುತ್ತಾಳೆ.

ಅಂದರೆ ಹತ್ತು ಪುಟ ಓದಿದ್ದರು.

ಕೋಪಕ್ಕಿಂತ ಜಾಸ್ತಿ ನಾಚಿಕೆಯಾಯಿತು. ಆ ಮೂವರು ಎಡಿಟರ್‌ಗಳ ಕಣ್ಣಿಗೆ ನನ್ನ ಆರು ವರ್ಷದ ಕೆಲಸ ತೂಕ ಇಳಿಸುವ ಪುಸ್ತಕದ ಕೆಳಗಿನ ನಾಲ್ಕು ಸಾಲು. ಒಮ್ಮೆ ಬೇಡ ಅಂದ ಹಸ್ತಪ್ರತಿಯನ್ನು ಅದೇ ಎಡಿಟರ್ ಮತ್ತೆ ನೋಡುವುದು ಬಹಳ ಅಪರೂಪ. ಪೂರ್ತಿ ತಿದ್ದಿ ಬರೆದು ಒಳ್ಳೆ ಏಜೆಂಟ್ ಮೂಲಕ ಹೋದರೂ, "ಇದನ್ನು ಆಗಲೇ ನೋಡಿದ್ದೆವಲ್ಲ" ಅನ್ನುವ ಮಾತೇ ಬರುವುದು. ಕೆಟ್ಟ ಏಜೆಂಟ್ ಮಾಡುವ ಹಾನಿ ಇಲ್ಲಿದೆ. ಏಜೆಂಟ್ ಇಲ್ಲದಿದ್ದರೆ ಬಾಗಿಲು ತೆರೆಯುವುದಿಲ್ಲ ಅಷ್ಟೆ. ಇವರು ಬಾಗಿಲು ತಟ್ಟಿ, ಮುಚ್ಚಿಸಿ ಬರುತ್ತಾರೆ.

ಇಲ್ಲಿ ಒಂದು ಮಾತು. ನನ್ನಂಥ ಹೊಸಬರಿಗೆ ಮಾತ್ರ ಹೀಗಾಗುತ್ತದೆ ಅಂದುಕೊಳ್ಳಬೇಡಿ. 'ಟು ಕಿಲ್ ಎ ಮಾಕಿಂಗ್‌ಬರ್ಡ್' ಬರೆದ ಹಾರ್ಪರ್ ಲೀ 2013ರಲ್ಲಿ ತಮ್ಮ ಏಜೆಂಟ್ ಮೇಲೆ ಕೋರ್ಟಿಗೆ ಹೋಗಿದ್ದರು. ಕಣ್ಣು, ಕಿವಿ ಮಂದವಾಗಿದ್ದ ಹೊತ್ತಿನಲ್ಲಿ ಕಾದಂಬರಿಯ ಕಾಪಿರೈಟನ್ನೇ ಬರೆಸಿಕೊಂಡರು ಅನ್ನುವುದು ಅವರ ದೂರು. ಅದೇ ವರ್ಷ ರಾಜಿಯಲ್ಲಿ ಮುಗಿಯಿತು. 2018ರಲ್ಲಿ ನ್ಯೂಯಾರ್ಕಿನ ಒಂದು ಹೆಸರುವಾಸಿ ಏಜೆನ್ಸಿಯ ಲೆಕ್ಕ ಬರೆಯುವವನೇ ವರ್ಷಗಟ್ಟಲೆ 34 ಲಕ್ಷ ಡಾಲರ್ ನುಂಗಿದ್ದು ಹೊರಬಂತು. ಪುಸ್ತಕದ ಹಣ ಮೊದಲು ಏಜೆನ್ಸಿಗೆ ಬಂದು, ಕಮಿಷನ್ ಕಳೆದು ನಮಗೆ ಬರುತ್ತದೆ. ಹಾಗಾಗಿ ಪುಸ್ತಕ ಮಾರಾಟವಾದ ಮೇಲೂ ರಾಯಲ್ಟಿ ಲೆಕ್ಕದ ಕಾಗದ ಕೇಳುತ್ತಲೇ ಇರಬೇಕು. ನನ್ನ ಕಥೆ ಅಲ್ಲಿಯವರೆಗೆ ಹೋಗಲೇ ಇಲ್ಲ ಬಿಡಿ.

ಬಿಡುವುದು ಹೇಗೆ ಅನ್ನುವುದನ್ನು ಸ್ವಲ್ಪ ವಿವರವಾಗಿ ಹೇಳುತ್ತೇನೆ, ನಾನು ಎಡವಿದ್ದು ಇಲ್ಲೇ. ಕರಾರನ್ನು ಸಹಿ ಹಾಕಿದ ಮೇಲೆ ಮೊದಲ ಸಲ ಪೂರ್ತಿ ಓದಿದ್ದು ಆ ರಾತ್ರಿ. (ನಗಬೇಡಿ.) ಯಾವ ಕಡೆಯವರಾದರೂ 60 ದಿನದ ನೋಟಿಸ್ ಬರೆದು ಕೊಟ್ಟು ಬಿಡಬಹುದು ಅಂತಿತ್ತು. 30 ದಿನವೂ ಇರುತ್ತದೆ, 60 ದಿನವೂ ಇರುತ್ತದೆ. ಬಿಟ್ಟ ಮೇಲೆ ಇಂತಿಷ್ಟು ತಿಂಗಳೊಳಗೆ, ಅವರು ಕಳಿಸಿದ್ದ ಎಡಿಟರ್‌ಗಳಲ್ಲಿ ಯಾರಾದರೂ ಪುಸ್ತಕ ತಗೊಂಡರೆ ಕಮಿಷನ್ ಅವರಿಗೇ ಅಂತಲೂ ಇತ್ತು. ಅದು ನ್ಯಾಯವೇ. ಆದರೆ ಆ ಅವಧಿಗೆ ಕೊನೆ ಇರಬೇಕು. ಕೊನೆಯೇ ಇಲ್ಲದ ಕರಾರಿಗೆ, ಅಥವಾ ನೀವು ಮುಂದೆ ಬರೆಯುವ ಎಲ್ಲ ಪುಸ್ತಕವೂ ನಮ್ಮದೇ ಅನ್ನುವ ಕರಾರಿಗೆ ಸಹಿ ಹಾಕಬೇಡಿ. ಹಾಕಿಬಿಟ್ಟಿದ್ದರೆ ಬಿಡುವ ಮುಂಚೆ ಒಬ್ಬ ವಕೀಲರಿಗೆ ತೋರಿಸಿ.

ನಾನು ಬರೆದ ಮೊದಲ ಪತ್ರ ಎರಡೂವರೆ ಪುಟ ಇತ್ತು. 11ನೇ ಪುಟದ ವಿಷಯವೂ ಇತ್ತು. ಗೆಳತಿ ಓದಿ, "ಇದನ್ನ ಡೈರೀಲಿ ಬರ್ಕೊ. ಅವರಿಗೆ ನಾಲ್ಕು ಸಾಲು ಸಾಕು" ಅಂದಳು. ಕೊನೆಗೆ ಹೋದದ್ದು ಇಷ್ಟು:

"ನಮ್ಮ ಕರಾರಿನ ಪ್ರಕಾರ ಇವತ್ತಿನಿಂದ 60 ದಿನದ ನೋಟಿಸ್ ಕೊಟ್ಟು ಕರಾರು ಮುಗಿಸುತ್ತಿದ್ದೇನೆ. ಇನ್ನು ಹಸ್ತಪ್ರತಿಯನ್ನು ಹೊಸದಾಗಿ ಯಾರಿಗೂ ಕಳಿಸಬೇಡಿ. ಎಲ್ಲೆಲ್ಲಿ ಉತ್ತರ ಬಾಕಿ ಇದೆಯೋ ಅಲ್ಲಿಂದ ವಾಪಸ್ ಪಡೆದು ನನಗೆ ತಿಳಿಸಿ. ನೀವು ಕೊಟ್ಟ ಸಮಯಕ್ಕೆ ಧನ್ಯವಾದ."

ಮೇಲ್‌ನಲ್ಲೂ ಕಳಿಸಿದೆ, ರಿಜಿಸ್ಟರ್ಡ್ ಪೋಸ್ಟ್‌ನಲ್ಲೂ ಕಳಿಸಿದೆ. ಉತ್ತರ ಅದೇ ದಿನ ಬಂತು! ಹದಿನಾಲ್ಕು ತಿಂಗಳಲ್ಲಿ ಅಷ್ಟು ಬೇಗ ಬಂದ ಉತ್ತರ ಅದೊಂದೇ. "ಒಳ್ಳೇದಾಗ್ಲಿ" ಅಂತಷ್ಟೇ ಇತ್ತು. ಅಷ್ಟಕ್ಕೆ ನಾನು ಎಷ್ಟು ತಿಂಗಳು ನಿದ್ದೆಗೆಟ್ಟಿದ್ದೆ!

ನಾನು ಮಾಡಿದ ಇನ್ನೊಂದು ತಪ್ಪೂ ಹೇಳಿಬಿಡುತ್ತೇನೆ. ನೋಟಿಸ್ ಕೊಡುವ ಮೊದಲೇ ಬೇರೊಬ್ಬ ಏಜೆಂಟ್‌ಗೆ ಅದೇ ಕಾದಂಬರಿ ಕಳಿಸಿದ್ದೆ, ಮೊದಲಿನವರ ವಿಷಯ ಮುಚ್ಚಿಟ್ಟು. ಅವರಿಗೆ ಗೊತ್ತಾಯಿತು. ಎರಡು ಸಾಲಿನ ಉತ್ತರ ಬಂತು, ಮರ್ಯಾದೆಯಾಗಿಯೇ. ಆ ಬಾಗಿಲು ಮುಚ್ಚಿದ್ದು ನಾನೇ. ಮೊದಲು ಹಳೆಯದನ್ನು ಮುಗಿಸಿ. ಹೊಸಬರಿಗೆ ಬರೆಯುವಾಗ ಮುಂಚೆ ಏಜೆಂಟ್ ಇದ್ದರು, ಇಂಥ ಕಡೆ ಪುಸ್ತಕ ಹೋಗಿತ್ತು ಅಂತ ಒಂದು ಸಾಲು ಹಾಕಿ. ಬೈಗುಳ ಬೇಡ. ಹಳೆಯವರನ್ನು ಬೈಯುವವರು ನಾಳೆ ತಮ್ಮನ್ನೂ ಬೈಯುತ್ತಾರೆ ಅಂತ ಅವರಿಗೆ ಅನ್ನಿಸುವುದು ಸಹಜ.

ಆಮೇಲಿನ ಎರಡು ವರ್ಷ ಎರಡನೇ ಕಾದಂಬರಿ ಬರೆದೆ. ಅದಕ್ಕೆ ಸಿಕ್ಕ ಏಜೆಂಟ್ ಫೋನ್ ಮಾಡಿದಾಗ ಹಾಳೆ ತಿರುಗಿಸಲಿಲ್ಲ. ಎಂಟೂ ಪ್ರಶ್ನೆ ಕೇಳಿದೆ. ನಾನು ಕೇಳುವ ಮೊದಲೇ ಅವರು ನಾಲ್ಕನೇ ಅಧ್ಯಾಯ ಯಾಕೆ ಬಿದ್ದುಹೋಗಿದೆ ಅಂತ ಶುರುಮಾಡಿದ್ದರು. ಬೇಕಾದರೆ ತಮ್ಮ ಬೇರೆ ಲೇಖಕರ ಜೊತೆ ಮಾತಾಡಿ ನೋಡಿ ಅಂತ ಇಬ್ಬರನ್ನು ಪರಿಚಯಿಸಿದರು. ಯೋಚಿಸಲು ಎರಡು ವಾರ ಕೊಟ್ಟರು. ಇವೆಲ್ಲ ಆ ವೃತ್ತಿಯಲ್ಲಿ ತೀರಾ ಮಾಮೂಲಿ ವಿಷಯಗಳಂತೆ.

ಮೊದಲ ಕಾದಂಬರಿಯ ಬಗ್ಗೆಯೂ ಕೇಳಿದರು. ಒಂಬತ್ತು ಹೆಸರಿನ ಪಟ್ಟಿ ಕಳಿಸಿದೆ. ಮರುದಿನವೇ ಅದು ವಾಪಸ್ ಬಂತು, ಒಂದೊಂದು ಹೆಸರಿನ ಎದುರೂ ಟಿಪ್ಪಣಿ ಹಾಕಿ. ಮಕ್ಕಳ ಪುಸ್ತಕದವರನ್ನು ಹೊಡೆದು ಹಾಕಿದ್ದರು. ಬೇಡ ಅಂದ ಮೂವರ ಎದುರು 'ಮುಗಿಯಿತು' ಅಂತ. ಕೆಲಸ ಬಿಟ್ಟಿದ್ದ ಇಬ್ಬರು ಮತ್ತು ಸಾಮಾನ್ಯ ವಿಳಾಸದ ಮೂರು, ಈ ಐದರ ಎದುರು 'ಯಾರೂ ಓದಿರಲಿಕ್ಕಿಲ್ಲ' ಅಂತ ಬರೆದಿದ್ದರು. ಕೆಳಗೆ ಒಂದು ಸಾಲು: ಎರಡನೆಯದು ಮೊದಲು ಹೋಗಲಿ, ಇದನ್ನು ಆಮೇಲೆ ಈ ಐದು ಕಡೆ ನೋಡೋಣ, ಅಷ್ಟರಲ್ಲಿ ಮೊದಲ ಹತ್ತು ಪುಟ ತಿದ್ದಿಡಿ, ಅಮ್ಮನ ಹೆಸರೂ ಮಗಳ ಹೆಸರೂ ಒಂದೇ ಅಕ್ಷರದಿಂದ ಶುರುವಾಗುತ್ತವೆ, ಓದುವವರಿಗೆ ಗಲಿಬಿಲಿ ಆಗುತ್ತದೆ.