ಬೆಚ್ಚನೆಯ ಸೀಮೆಗೆ ವಸಂತದ ಹೂಸಸಿಗಳ ಟ್ರೇ

ಬಿಸಿಲು ಬೇಗ ಏರುವ ದಕ್ಷಿಣದ ಹವೆಯಲ್ಲಿ ವಸಂತವು ಅಲ್ಪಾಯುವಾದುದರಿಂದ, ನರ್ಸರಿಯವರು ಪೆಟೂನಿಯಾ, ಪ್ಯಾನ್ಸಿ ಮತ್ತು ನಿತ್ಯಪುಷ್ಪಗಳನ್ನು ಒಂದೇ ಟ್ರೇಯಲ್ಲಿ ಕೂಡಿಸಿ ಮಾರುವುದು ನನಗೆ ಸಮಂಜಸವೆನಿಸಲಿಲ್ಲ. ತಂಪನ್ನು ಬಯಸುವ ಪ್ಯಾನ್ಸಿಯು, ಸೆಕೆ ಹೆಚ್ಚಿದಂತೆ ಕಾಂಡ ನೀಳವಾಗಿ, ಹೂ ಕಿರಿದಾಗಿ ಸೊರಗಿತು. ಅದು ಚಳಿಗಾಲದ ಟ್ರೇಗೆ ಸೇರಬೇಕಾದ ಗಿಡ. ಪೆಟೂನಿಯಾ ಮಾತ್ರ, ದಿನಕ್ಕೆ ಸುಮಾರು 6 ಗಂಟೆ ನೇರ ಬಿಸಿಲು ದೊರೆತು, ಬಾಡಿದ ಹೂಗಳನ್ನು ಆಗಾಗ ಚಿವುಟುತ್ತಿದ್ದಷ್ಟು ಕಾಲ, ಕುಂಡದ ಅಂಚಿನಿಂದ ಇಳಿಬಿದ್ದು ಸೊಗಸಾಗಿ ಅರಳಿತು. ಮಡಗಾಸ್ಕರ್ ಮೂಲದ ನಿತ್ಯಪುಷ್ಪಕ್ಕೆ ಸೆಕೆಯೇ ಹಿತ. ಆದರೆ ನೀರು ನಿಂತರೆ ಬೇರು ಕೊಳೆಯುವುದೆಂಬ ಎಚ್ಚರಿಕೆಯನ್ನು ಟ್ರೇಯ ಚೀಟಿಯಲ್ಲಿ ಮುದ್ರಿಸದಿರುವುದು ಕೊರತೆಯೇ ಸರಿ. ಸಸಿಗಳ ಬೇರುಗಳು ಬೆಳ್ಳಗೆ, ಆರೋಗ್ಯವಾಗಿದ್ದವು. ಪ್ಯಾನ್ಸಿಯ ಜಾಗದಲ್ಲಿ ಸೆಕೆ ತಾಳುವ ಟೇಬಲ್ ರೋಸ್ ಇಟ್ಟರೆ ಈ ಟ್ರೇಯನ್ನು ಮತ್ತೆ ಕೊಳ್ಳುವೆನು.